ಉಪ್ಪುನೀರಿನ ಪೂಲ್‌ನಲ್ಲಿ ಕ್ಲೋರಿನ್ ನಿಲ್ಲುತ್ತಿಲ್ಲವೇ? ಹಗಲು ಹೋಗುತ್ತದೋ, ರಾತ್ರಿ ಹೋಗುತ್ತದೋ ಮೊದಲು ನೋಡಿ

ಕಳೆದ ಅಕ್ಟೋಬರ್‌ನಲ್ಲಿ ಭಾವ ಫೋನ್ ಮಾಡಿದ್ದರು. "ಮಷಿನ್ ಓಡ್ತಾ ಇದೆ, ಹಸಿರು ದೀಪ ಉರೀತಾ ಇದೆ, ಉಪ್ಪೂ ಹಾಕಿದ್ದೇವೆ. ಆದ್ರೆ ಟೆಸ್ಟ್ ಮಾಡಿದ್ರೆ ಕ್ಲೋರಿನ್ ಸೊನ್ನೆ. ಒಂದ್ಸಲ ಬಂದು ನೋಡು ಮಾರಾಯ."

ಅಕ್ಕ-ಭಾವನ ಮನೆ ಅಂಕೋಲಾ ಮತ್ತು ಗೋಕರ್ಣದ ನಡುವೆ ಇದೆ. ಹಿತ್ತಲಲ್ಲಿ, ತೆಂಗಿನ ಮರಗಳಿಂದ ಸ್ವಲ್ಪ ದೂರ ಬಿಟ್ಟು, ಮಕ್ಕಳಿಗೆಂದು ಪೂಲ್ ಕಟ್ಟಿಸಿದ್ದಾರೆ. 8 ಮೀಟರ್ ಉದ್ದ, 4 ಮೀಟರ್ ಅಗಲ, ಸರಾಸರಿ ಒಂದೂಕಾಲು ಮೀಟರ್ ಆಳ. ಅಂದರೆ 40,000 ಲೀಟರ್ ನೀರು. ನಾನು ಹೋಗುವಷ್ಟರಲ್ಲಿ ಅವರು ಒಂದು ಚೀಲ ಉಪ್ಪು, ಎರಡು ಬಾಟಲಿ ಪಾಚಿ ಔಷಧಿ, ಪಾಚಿಗೆ ಆಹಾರವಾಗುವ ಫಾಸ್ಫೇಟ್ ತೆಗೆಯುವ ಒಂದು ಬಾಟಲಿ ಔಷಧಿ ಸುರಿದು ಮುಗಿಸಿದ್ದರು. ಏನೂ ಬದಲಾಗಿರಲಿಲ್ಲ. ಹೊಸ ಸೆಲ್ (ಮಷಿನ್‌ನಲ್ಲಿ ಕ್ಲೋರಿನ್ ಹುಟ್ಟಿಸುವ ಭಾಗ) ತರಿಸೋಣ ಎಂಬ ಮಾತೂ ನಡೆದಿತ್ತು.

ಅವತ್ತು ನಾವು ಹುಡುಕಿದ ದಾರಿಯನ್ನೇ ಇಲ್ಲಿ ಬರೆಯುತ್ತಿದ್ದೇನೆ. ಕಾರವಾರದಿಂದ ಭಟ್ಕಳದವರೆಗೆ ಮನೆಯಲ್ಲೋ ಹೋಮ್‌ಸ್ಟೇಯಲ್ಲೋ ಇಂಥ ಪೂಲ್ ಇಟ್ಟುಕೊಂಡವರಿಗೆ ಈ ತೊಂದರೆ ಒಂದಲ್ಲ ಒಂದು ವರ್ಷ ಬಂದೇ ಬರುತ್ತದೆ. ಮಳೆಗಾಲ ಮುಗಿದ ಮೇಲಂತೂ ಜಾಸ್ತಿ.

ಒಂದು ವಿಷಯ ಮೊದಲೇ ಹೇಳಿಬಿಡುತ್ತೇನೆ. ಉಪ್ಪುನೀರಿನ ಪೂಲ್ ಅಂದರೆ ಕ್ಲೋರಿನ್ ಇಲ್ಲದ ಪೂಲ್ ಅಲ್ಲ. ಸೆಲ್ ಒಳಗೆ ಟೈಟಾನಿಯಂ ತಗಡುಗಳಿರುತ್ತವೆ. ಅವುಗಳ ನಡುವೆ ಕರೆಂಟ್ ಹರಿದಾಗ ಉಪ್ಪುನೀರಿನಿಂದ ಕ್ಲೋರಿನ್ ಹುಟ್ಟುತ್ತದೆ, ಅಷ್ಟೆ. ಹಾಗಾಗಿ ಕ್ಲೋರಿನ್ ಸೊನ್ನೆ ಬಂದರೆ ಎರಡೇ ಸಾಧ್ಯತೆ. ಒಂದೋ ಸಾಕಷ್ಟು ಹುಟ್ಟುತ್ತಿಲ್ಲ, ಇಲ್ಲವೇ ಹುಟ್ಟಿದ್ದು ಹುಟ್ಟಿದ ಹಾಗೇ ಖರ್ಚಾಗುತ್ತಿದೆ. ಖರ್ಚಾಗುತ್ತಿದ್ದರೆ ಹಗಲು ಬಿಸಿಲು ತಿನ್ನುತ್ತಿರಬಹುದು, ಅಥವಾ ನೀರಿನಲ್ಲೇ ಇರುವ ಏನೋ ಹಗಲೂ ರಾತ್ರಿ ತಿನ್ನುತ್ತಿರಬಹುದು. ಇದು ತಿಳಿಯುವ ತನಕ ಪೂಲ್‌ಗೆ ಏನನ್ನೂ ಸುರಿಯಬೇಡಿ.

ಟೆಸ್ಟ್ ಕಿಟ್‌ನಿಂದ ಶುರು ಮಾಡಿ

ಕರಾವಳಿಯ ಗಾಳಿಯ ತೇವಕ್ಕೆ ಟೆಸ್ಟ್ ಪಟ್ಟಿಗಳು ಬೇಗ ಹಾಳಾಗುತ್ತವೆ. ಮುಚ್ಚಳ ಒಂದು ದಿನ ಸಡಿಲವಾಗಿದ್ದರೆ ಸಾಕು. ಪಟ್ಟಿ ನಂಬಿ ಸೆಲ್ ಬದಲಾಯಿಸಬೇಡಿ. ಹನಿ ಹಾಕಿ ಬಣ್ಣ ನೋಡುವ ಡಿಪಿಡಿ ಕಿಟ್ ಇರಲಿ. ಹನಿ ಎಣಿಸಿ ಅಳೆಯುವ ಕಿಟ್ ಸಿಕ್ಕರೆ ಇನ್ನೂ ಒಳ್ಳೆಯದು. ಫ್ರೀ ಕ್ಲೋರಿನ್ ಮತ್ತು ಕಂಬೈನ್ಡ್ ಕ್ಲೋರಿನ್ ಎರಡನ್ನೂ ಬೇರೆ ಬೇರೆ ತೋರಿಸುವಂಥದ್ದೇ ಬೇಕು. ಫ್ರೀ ಅಂದರೆ ಕೆಲಸಕ್ಕೆ ಸಿದ್ಧವಿರುವ ಕ್ಲೋರಿನ್. ಕಂಬೈನ್ಡ್ ಅಂದರೆ ಕೊಳೆಗೋ ಅಮೋನಿಯಾಗೋ ಅಂಟಿಕೊಂಡು ಅರ್ಧ ಕೆಲಸದಲ್ಲಿ ಸಿಕ್ಕಿಬಿದ್ದ ಕ್ಲೋರಿನ್.

ಡಿಪಿಡಿ ಕಿಟ್‌ನಲ್ಲಿ ಒಂದು ಮೋಸವಿದೆ. ಕ್ಲೋರಿನ್ 10 ಪಿಪಿಎಂ (ಒಂದು ಪಿಪಿಎಂ ಅಂದರೆ ಲೀಟರ್ ನೀರಿಗೆ ಒಂದು ಮಿಲಿಗ್ರಾಂ) ದಾಟಿ ತುಂಬಾ ಜಾಸ್ತಿಯಾದರೆ ಗುಲಾಬಿ ಬಣ್ಣವೇ ಅಳಿಸಿಹೋಗುತ್ತದೆ. ನೋಡಿದವರಿಗೆ ಸೊನ್ನೆ ಎನಿಸುತ್ತದೆ. ಹನಿ ಬಿದ್ದ ಕ್ಷಣ ಗುಲಾಬಿ ಮಿಂಚಿ ಮಾಯವಾದರೆ ಅನುಮಾನ ಪಡಿ. ಪೂಲ್ ನೀರು ಒಂದು ಪಾಲು, ಆರ್‌ಒ ನೀರು ನಾಲ್ಕು ಪಾಲು ಬೆರೆಸಿ ಮತ್ತೆ ಟೆಸ್ಟ್ ಮಾಡಿ, ಬಂದ ಅಂಕಿಯನ್ನು ಐದರಿಂದ ಗುಣಿಸಿ. ಕ್ಲೋರಿನ್ ಇಲ್ಲವೆಂದು ಇನ್ನಷ್ಟು ಸುರಿದು, ಆ ನೀರಿಗೆ ಮಕ್ಕಳನ್ನು ಇಳಿಸುವ ಅಪಾಯ ಇಲ್ಲಿದೆ. ಹಾಗಾಗಿ ಈ ಹೆಜ್ಜೆ ಬಿಡಬೇಡಿ.

ಸ್ಯಾಂಪಲ್ ತೆಗೆಯುವಾಗ ನೀರು ಒಳಬರುವ ಬಾಯಿಯಿಂದ ದೂರ ಹೋಗಿ. ಮೊಣಕೈ ಮುಳುಗುವಷ್ಟು ಆಳದಿಂದ ನೀರು ತೆಗೆಯಿರಿ. ಮೇಲ್ಪದರದ ನೀರಲ್ಲಿ ಮಳೆನೀರೇ ಇರಬಹುದು.

ರಾತ್ರಿ ಟೆಸ್ಟ್

ಎಲ್ಲ ಟೆಸ್ಟ್‌ಗಳಲ್ಲಿ ನನಗೆ ತುಂಬಾ ಬೆಲೆಯುಳ್ಳದ್ದು ಇದೇ. ಖರ್ಚು ಏನೂ ಇಲ್ಲ, ಒಂದು ರಾತ್ರಿಯ ತಾಳ್ಮೆ ಬೇಕು.

ಸಂಜೆ ಸೂರ್ಯ ಮುಳುಗಿದ ಮೇಲೆ ಸೆಲ್ ಆಫ್ ಮಾಡಿ. ಪಂಪ್ ಮಾತ್ರ ಓಡಲಿ. ನೀರಲ್ಲಿ ಕ್ಲೋರಿನ್ ಇಲ್ಲದಿದ್ದರೆ ಟೆಸ್ಟ್ ಮಾಡಿ ಪ್ರಯೋಜನವಿಲ್ಲ, ಹಾಗಾಗಿ ಲಿಕ್ವಿಡ್ ಕ್ಲೋರಿನ್ ಹಾಕಿ 5 ಪಿಪಿಎಂಗೆ ಏರಿಸಿಕೊಳ್ಳಿ. ಲೆಕ್ಕ ಸುಲಭ. 40,000 ಲೀಟರ್ ನೀರಿಗೆ 1 ಪಿಪಿಎಂ ಅಂದರೆ 40 ಗ್ರಾಂ ಕ್ಲೋರಿನ್. 10 ಶೇಕಡಾ ಬಲದ ಲಿಕ್ವಿಡ್ ಆದರೆ 400 ಮಿ.ಲೀ. 5 ಪಿಪಿಎಂಗೆ 2 ಲೀಟರ್. ಕ್ಯಾನ್ ಹಳೆಯದಾಗಿದ್ದರೆ ಅಥವಾ ಬಿಸಿಲಲ್ಲಿ ಬಿದ್ದಿದ್ದರೆ ಬಲ ಅರ್ಧಕ್ಕೆ ಇಳಿದಿರಬಹುದು. ಆದ್ದರಿಂದ ಲೆಕ್ಕವನ್ನಷ್ಟೇ ನಂಬದೆ, ಹಾಕಿದ ಮೇಲೆ ಒಂದು ಗಂಟೆ ಪಂಪ್ ಓಡಿಸಿ ಅಳೆಯಿರಿ. ಅಂಕಿ ಬರೆದಿಡಿ. ಮಾರನೇ ದಿನ ಸೂರ್ಯ ಹುಟ್ಟುವ ಮೊದಲು, ಅದೇ ಜಾಗದಿಂದ ನೀರು ತೆಗೆದು ಮತ್ತೆ ಅಳೆಯಿರಿ.

ರಾತ್ರಿ ಬಿಸಿಲಿಲ್ಲ, ಈಜುವವರಿಲ್ಲ, ಸೆಲ್ ಕೂಡ ಆಫ್. ಇಷ್ಟಾದರೂ ಕ್ಲೋರಿನ್ 1 ಪಿಪಿಎಂಗಿಂತ ಜಾಸ್ತಿ ಇಳಿದರೆ ತಿನ್ನುತ್ತಿರುವವರು ನೀರಿನ ಒಳಗೇ ಇದ್ದಾರೆ. ಕಂಬೈನ್ಡ್ ಕ್ಲೋರಿನ್ 0.5 ದಾಟಿದ್ದರೂ ಅದೇ ಅರ್ಥ. ಇಳಿಕೆ 1ರ ಒಳಗಿದ್ದರೆ ನೀರು ಶುದ್ಧವಾಗಿದೆ, ತೊಂದರೆ ಬಿಸಿಲಿನದ್ದು ಅಥವಾ ಸೆಲ್‌ನದ್ದು.

ನೀರು ಕನ್ನಡಿಯಂತೆ ತಿಳಿಯಾಗಿದೆಯಲ್ಲ ಎಂದು ಈ ಟೆಸ್ಟ್ ಬಿಟ್ಟುಬಿಡಬೇಡಿ. ಪಾಚಿ ಕಣ್ಣಿಗೆ ಹಸಿರಾಗಿ ಕಾಣುವ ಎಷ್ಟೋ ಮೊದಲೇ ಕ್ಲೋರಿನ್ ತಿನ್ನಲು ಶುರು ಮಾಡಿರುತ್ತದೆ.

ರಾತ್ರಿ ಇಳಿಯಲಿಲ್ಲ ಅಂದರೆ

ಮೊದಲು ಸ್ಟೆಬಿಲೈಸರ್ ನೋಡಿ. ಇದರ ಇನ್ನೊಂದು ಹೆಸರು ಸಯನ್ಯೂರಿಕ್ ಆಸಿಡ್. ಕ್ಲೋರಿನ್‌ಗೆ ಇದು ಕೊಡೆ ಇದ್ದ ಹಾಗೆ. ಇದು ಇಲ್ಲದ ನೀರಲ್ಲಿ, ನಮ್ಮ ಕಡೆಯ ನೆತ್ತಿ ಮೇಲಿನ ಬಿಸಿಲಿಗೆ, ಒಂದು ಗಂಟೆಯೊಳಗೆ ಅರ್ಧ ಕ್ಲೋರಿನ್ ಹಾರಿಹೋಗುತ್ತದೆ. ಸೆಲ್ ಇರುವ ಪೂಲ್‌ಗೆ 60ರಿಂದ 80 ಪಿಪಿಎಂ ಸ್ಟೆಬಿಲೈಸರ್ ಇದ್ದರೆ ಸರಿಯಾಗುತ್ತದೆ. ಆಗ ಇಡೀ ದಿನದ ಬಿಸಿಲಿಗೂ 2ರಿಂದ 4 ಪಿಪಿಎಂ ಮಾತ್ರ ಕಳೆಯುತ್ತದೆ.

ಅಕ್ಕನ ಮನೆ ಪೂಲ್‌ಗೆ 30 ಪಿಪಿಎಂ ಏರಿಸಬೇಕೆಂದರೆ 1.2 ಕಿಲೋ ಪುಡಿ ಬೇಕು. ಅದನ್ನು ಹಳೆಯ ಕಾಲುಚೀಲದಲ್ಲಿ ಕಟ್ಟಿ, ನೀರು ಒಳಬರುವ ಬಾಯಿಯ ಎದುರು ನೇತುಹಾಕಿ. ದಿನಕ್ಕೆರಡು ಸಲ ಹಿಂಡುತ್ತಿರಿ. ನಿಧಾನವಾಗಿ ಕರಗುವ ವಸ್ತು ಇದು. ಟೆಸ್ಟ್‌ನಲ್ಲಿ ಪೂರ್ತಿ ಕಾಣಲು ಒಂದು ವಾರ ಬೇಕಾಗಬಹುದು. ಎರಡೇ ದಿನಕ್ಕೆ ಏರಿಲ್ಲವೆಂದು ಇನ್ನೊಂದು ಕಿಲೋ ಹಾಕಿಬಿಟ್ಟರೆ ಆಮೇಲೆ ನೀರು ಬದಲಿಸದೆ ಬೇರೆ ದಾರಿಯಿಲ್ಲ. ಸ್ಟೆಬಿಲೈಸರ್ ಅತಿಯಾದರೆ ಕ್ಲೋರಿನ್ ಅಂಕಿಯಲ್ಲಿ ಕಾಣುತ್ತದೆ, ಕೆಲಸ ಮಾಡುವುದಿಲ್ಲ. ಟಿಸಿಸಿಎ ಎಂಬ, ಸ್ಟೆಬಿಲೈಸರ್ ಸೇರಿರುವ ಕ್ಲೋರಿನ್ ಮಾತ್ರೆ ವರ್ಷಗಟ್ಟಲೆ ಹಾಕುವವರಿಗೆ ಹೀಗಾಗುತ್ತದೆ. ಆ ಮಾತ್ರೆ 10 ಪಿಪಿಎಂ ಕ್ಲೋರಿನ್ ಕೊಟ್ಟಾಗಲೆಲ್ಲ ಸುಮಾರು 6 ಪಿಪಿಎಂ ಸ್ಟೆಬಿಲೈಸರ್ ಕೂಡ ಸೇರಿಸುತ್ತದೆ.

ಸ್ಟೆಬಿಲೈಸರ್ ಸರಿಯಿದ್ದರೆ ಸೆಲ್‌ನ ಸರದಿ. ಸೆಲ್ ಮೇಲೆ ಗಂಟೆಗೆ ಎಷ್ಟು ಗ್ರಾಂ ಎಂದು ಬರೆದಿರುತ್ತದೆ. 20 ಗ್ರಾಂ ಸೆಲ್ ನೂರಕ್ಕೆ ನೂರು ಓಡಿದರೆ 40,000 ಲೀಟರ್‌ಗೆ ಗಂಟೆಗೆ ಅರ್ಧ ಪಿಪಿಎಂ. ಎಂಟು ಗಂಟೆಗೆ 4 ಪಿಪಿಎಂ. ಪ್ಯಾನೆಲ್‌ನಲ್ಲಿ 50 ಶೇಕಡಾ ಇಟ್ಟಿದ್ದರೆ 2 ಪಿಪಿಎಂ ಮಾತ್ರ. ಬೇಸಿಗೆಯಲ್ಲಿ ದಿನದ ಖರ್ಚೇ 4 ಇದ್ದಾಗ 2 ಹುಟ್ಟಿದರೆ ಎಲ್ಲಿ ಸಾಕಾಗುತ್ತದೆ, ಅಲ್ವಾ? ಎಷ್ಟೋ ಮನೆಗಳಲ್ಲಿ ಸೆಲ್ ಸರಿಯಾಗಿಯೇ ಇರುತ್ತದೆ. ಓಡುವ ಗಂಟೆ ಸಾಕಾಗಿರುವುದಿಲ್ಲ, ಅಷ್ಟೆ.

ಸೆಲ್ ನಿಜಕ್ಕೂ ಕೆಲಸ ಮಾಡುತ್ತಿದೆಯೇ ಎಂದು ತಿಳಿಯಲು ಎರಡನೇ ರಾತ್ರಿ ಬಳಸಿ. ಕತ್ತಲಾದ ಮೇಲೆ ಅಳೆದು, ಸೆಲ್ಲನ್ನು ಪೂರ್ತಿ ಬಲದಲ್ಲಿ ಐದು ಗಂಟೆ ಓಡಿಸಿ ಮತ್ತೆ ಅಳೆಯಿರಿ. ಮೇಲಿನ ಲೆಕ್ಕದಲ್ಲಿ 2.5 ಪಿಪಿಎಂ ಏರಬೇಕು. ಎರಡರ ಹತ್ತಿರ ಬಂದರೆ ಸೆಲ್ ಚೆನ್ನಾಗಿದೆ. ಏರದೇ ಇದ್ದರೆ ಹೊಸದಕ್ಕೆ ದುಡ್ಡು ಕೊಡುವ ಮೊದಲು ಈ ಕೆಲವನ್ನು ನೋಡಿ.

ಉಪ್ಪನ್ನು ಪ್ಯಾನೆಲ್ ತೋರಿಸುವ ಅಂಕಿಯಿಂದಲ್ಲ, ಬೇರೆ ಮೀಟರ್‌ನಿಂದ ಅಳೆಯಿರಿ. ಸೆಲ್ ಹಳೆಯದಾದಾಗ ಅಥವಾ ಸುಣ್ಣ ಕಟ್ಟಿದಾಗ, ಉಪ್ಪು ಸರಿಯಿದ್ದರೂ ಪ್ಯಾನೆಲ್ ಕಡಿಮೆ ತೋರಿಸುತ್ತದೆ. ಹೆಚ್ಚಿನ ಸೆಲ್‌ಗಳಿಗೆ 3,000ದಿಂದ 4,000 ಪಿಪಿಎಂ ಸಾಕು. ಸಮುದ್ರದ ನೀರಿನಲ್ಲಿ 35,000ದಷ್ಟು ಇರುತ್ತದೆ, ಹಾಗಾಗಿ ಪೂಲ್‌ನ ಉಪ್ಪು ನಾಲಿಗೆಗೆ ಅಷ್ಟಾಗಿ ತಿಳಿಯುವುದೇ ಇಲ್ಲ. ನಮ್ಮ ಅಳತೆಯ ಪೂಲ್‌ಗೆ 40 ಕಿಲೋ ಉಪ್ಪು ಹಾಕಿದರೆ 1,000 ಪಿಪಿಎಂ ಏರುತ್ತದೆ.

ಯಾವ ಉಪ್ಪು ಎಂಬ ಪ್ರಶ್ನೆ ನಮ್ಮ ಕಡೆ ಬಂದೇ ಬರುತ್ತದೆ, ಯಾಕೆಂದರೆ ಸಾಣಿಕಟ್ಟೆಯ ಉಪ್ಪಿನ ಆಗರ ಇಲ್ಲೇ ಪಕ್ಕದಲ್ಲಿದೆ. ಅಘನಾಶಿನಿಯ ಅಳಿವೆಯ ಆ ಕಲ್ಲುಪ್ಪು ಉಪ್ಪಿನಕಾಯಿಗೆ, ಅಪ್ಪೆಮಿಡಿಗೆ ನನಗೂ ಇಷ್ಟ. ಆದರೆ ಸಮುದ್ರದ ನೀರನ್ನು ಬಿಸಿಲಲ್ಲಿ ಬತ್ತಿಸಿ ತೆಗೆದ, ತೊಳೆಯದ ಯಾವುದೇ ಕಲ್ಲುಪ್ಪಿನ ಜೊತೆ ಕ್ಯಾಲ್ಸಿಯಂ, ಮೆಗ್ನೀಸಿಯಂ, ಸ್ವಲ್ಪ ಕೆಸರು ಬರುತ್ತದೆ. ಅಡುಗೆಗೆ ಅದು ರುಚಿ, ಸೆಲ್‌ನ ತಗಡಿಗೆ ಸುಣ್ಣ. ಪೂಲ್‌ಗೆ ಶುದ್ಧ ಮಾಡಿದ, ಅಯೋಡಿನ್ ಬೆರೆಸದ ಉಪ್ಪೇ ಸರಿ.

ಸೆಲ್ ಬಿಚ್ಚಿ ಬೆಳಕಿಗೆ ಹಿಡಿದು ನೋಡಿ. ತಗಡುಗಳ ನಡುವೆ ಬಿಳಿ ಪದರ ಇದ್ದರೆ ಅದೇ ಸುಣ್ಣ. ಸೆಲ್ ಇರುವ ಪೂಲ್‌ನಲ್ಲಿ ಪಿಎಚ್ (ನೀರು ಎಷ್ಟು ಆಮ್ಲ, ಎಷ್ಟು ಕ್ಷಾರ ಎಂಬ ಅಳತೆ) ತಾನಾಗಿ ಏರುತ್ತಿರುತ್ತದೆ. 7.8 ದಾಟಲು ಬಿಟ್ಟರೆ ಈ ಪದರ ಬೇಗ ಕಟ್ಟುತ್ತದೆ. ಮೊದಲು ಪೈಪ್‌ನ ನೀರಿನಿಂದ ತೊಳೆಯಿರಿ. ಹೋಗದಿದ್ದರೆ ಮಾತ್ರ ಆಸಿಡ್. ಬಕೆಟ್‌ಗೆ ಮೊದಲು ಹತ್ತು ಪಾಲು ನೀರು, ಆಮೇಲೆ ಒಂದು ಪಾಲು ಹೈಡ್ರೋಕ್ಲೋರಿಕ್ ಆಸಿಡ್. ಆಸಿಡ್ ಮೇಲೆ ನೀರು ಯಾವತ್ತೂ ಸುರಿಯಬೇಡಿ. ಕೈಗವಸು, ಕನ್ನಡಕ ಹಾಕಿ, ಬಯಲಲ್ಲಿ ಮಾಡಿ. ನೊರೆ ನಿಂತ ಕೂಡಲೇ ತೆಗೆಯಿರಿ. ತಿಂಗಳಿಗೊಮ್ಮೆ ಸುಮ್ನೆ ಆಸಿಡ್‌ನಲ್ಲಿ ಅದ್ದುವ ಅಭ್ಯಾಸ ಬೇಡ, ತಗಡಿನ ಮೇಲಿನ ಲೇಪ ಸವೆಯುತ್ತದೆ. ಆ ಲೇಪ ಹೋದರೆ ಸೆಲ್ ಮುಗಿದ ಹಾಗೆ.

ಪ್ಲಗ್ ತೆಗೆದು ಪಿನ್ ನೋಡಿ, ಮೇನ್ ಸ್ವಿಚ್ ಆಫ್ ಮಾಡಿಯೇ. ಸಮುದ್ರದ ಗಾಳಿಗೆ ತಾಮ್ರ ಹಸಿರು ಕಿಲುಬು ಹಿಡಿಯುತ್ತದೆ. ದೀಪ ಉರಿಯುತ್ತಿದ್ದರೂ ಸೆಲ್‌ಗೆ ಬೇಕಾದಷ್ಟು ಕರೆಂಟ್ ಹೋಗುತ್ತಿರುವುದಿಲ್ಲ. ಹಾಗೆಯೇ ಟೈಮರ್. ಮುಳ್ಳು ತಿರುಗುವ ಟೈಮರ್ ಕರೆಂಟ್ ಹೋದಾಗ ನಿಂತು, ಬಂದಾಗ ನಿಂತಲ್ಲಿಂದ ಶುರುವಾಗುತ್ತದೆ. ಮಳೆಗಾಲದಲ್ಲಿ ದಿನಾ ಎರಡು ಗಂಟೆ ಕರೆಂಟ್ ಹೋದರೂ ವಾರದಲ್ಲಿ ಅದರ ಗಡಿಯಾರ ಅರ್ಧ ದಿನಕ್ಕಿಂತ ಹಿಂದೆ ಬಿದ್ದಿರುತ್ತದೆ. ಪಂಪ್‌ಗೂ ಸೆಲ್‌ಗೂ ಬೇರೆ ಬೇರೆ ಟೈಮರ್ ಇದ್ದು, ಅವು ಹೊಂದಿಕೆ ತಪ್ಪಿದರೆ ಪಂಪ್ ಓಡದ ಹೊತ್ತಲ್ಲಿ ಸೆಲ್‌ಗೆ ಆನ್ ಆಗುವ ಸರದಿ ಬಂದಿರುತ್ತದೆ. ಸ್ಯಾಂಡ್ ಫಿಲ್ಟರ್ ಕಟ್ಟಿಕೊಂಡು ಹರಿವು ಕಡಿಮೆಯಾದರೂ ಸೆಲ್ ತಾನಾಗಿ ನಿಲ್ಲುತ್ತದೆ, ಬ್ಯಾಕ್‌ವಾಶ್ ಮಾಡಿ, ಅಂದರೆ ಫಿಲ್ಟರ್ ಒಳಗೆ ನೀರನ್ನು ಹಿಮ್ಮುಖವಾಗಿ ಹರಿಸಿ ತೊಳೆದು ನೋಡಿ.

ರಾತ್ರಿಯೇ ಇಳಿಯಿತು ಅಂದರೆ

ಅಕ್ಕನ ಮನೆಯಲ್ಲಿ ಆಗಿದ್ದು ಇದು. ಸಂಜೆ 2 ಲೀಟರ್ ಲಿಕ್ವಿಡ್ ಹಾಕಿದೆವು. 5 ಬರಬೇಕಿತ್ತು. ಅರ್ಧ ಗಂಟೆಗೆ ಅಳೆದರೆ ಫ್ರೀ ಕ್ಲೋರಿನ್ 0.5, ಕಂಬೈನ್ಡ್ 3. ಬೆಳಗಿನ ತನಕ ಕಾಯುವ ಅಗತ್ಯವೇ ಬರಲಿಲ್ಲ. ನೀರು ಮಾತ್ರ ತಿಳಿಯಾಗಿತ್ತು. ಪಾಚಿಯೇ ಆಗಿದ್ದರೆ ಕ್ಲೋರಿನ್ ಗಂಟೆಗಳಲ್ಲಿ ಇಳಿಯುತ್ತದೆ, ನಿಮಿಷಗಳಲ್ಲಿ ಹೀಗೆ ಮಾಯವಾಗುವುದು ಕಡಿಮೆ.

ಉತ್ತರ ಸಿಕ್ಕಿದ್ದು ಅಕ್ಕನ ನೋಟ್‌ಬುಕ್‌ನಲ್ಲಿ. ಅವಳು ಹಾಲಿನ ಲೆಕ್ಕದ ಹಾಗೆ ಪೂಲ್ ಲೆಕ್ಕವನ್ನೂ ಬರೆಯುತ್ತಾಳೆ. ಮೇ ಕೊನೆಯಲ್ಲಿ ಉಪ್ಪು 3,400, ಸ್ಟೆಬಿಲೈಸರ್ 70. ಜೂನ್‌ನಲ್ಲಿ ತಾಡಪಾಲು ಹೊದಿಸಿ ಪಂಪ್ ನಿಲ್ಲಿಸಿದ್ದರು. ಸೆಪ್ಟೆಂಬರ್ ಕೊನೆಯಲ್ಲಿ ತೆರೆದಾಗ ಉಪ್ಪು 2,400. ಮಳೆನೀರು ಸೇರಿ ತುಂಬಿ ಹರಿದು ಉಪ್ಪು ಇಳಿದಿತ್ತು. ಒಂದು ಚೀಲ ಹಾಕಿ ಸರಿ ಮಾಡಿದ್ದರು. ಸ್ಟೆಬಿಲೈಸರ್ ಅಳೆದಿರಲಿಲ್ಲ. ನಾನು ಅಳೆದೆ. ಸ್ಟೆಬಿಲೈಸರ್ ಇದ್ದರೆ ಟೆಸ್ಟ್ ಟ್ಯೂಬಿನ ನೀರು ಮಸುಕಾಗಬೇಕು, ಸ್ವಲ್ಪವೂ ಮಸುಕಾಗಲಿಲ್ಲ. ಅಂದರೆ ಹೆಚ್ಚುಕಡಿಮೆ ಸೊನ್ನೆ.

ಇಲ್ಲೇ ಸುಳಿವು ಇತ್ತು. ಮಳೆ ಉಪ್ಪನ್ನು ಹತ್ತರಲ್ಲಿ ಏಳು ಪಾಲಿಗೆ ಇಳಿಸಿದ್ದರೆ ಸ್ಟೆಬಿಲೈಸರ್ ಕೂಡ ಅಷ್ಟೇ ಇಳಿಯಬೇಕು. 70 ಇದ್ದದ್ದು 50ರ ಹತ್ತಿರ ಇರಬೇಕಿತ್ತು. ಮಳೆ ಒಂದನ್ನು ಬಿಟ್ಟು ಇನ್ನೊಂದನ್ನು ತೊಳೆಯುವುದಿಲ್ಲ. ಹಾಗಾದರೆ ಅದನ್ನು ಯಾರೋ ತಿಂದಿದ್ದಾರೆ.

ತಿಂದದ್ದು ಮಣ್ಣಿನ ಬ್ಯಾಕ್ಟೀರಿಯಾ. ಮೂರು ತಿಂಗಳು ಕ್ಲೋರಿನ್ ಇಲ್ಲದೆ, ಕದಡದೆ ನಿಂತ ನೀರಿಗೆ ಹಿತ್ತಲ ಕೆಂಪುಮಣ್ಣು ಮಳೆಯ ಜೊತೆ ಸೇರಿದೆ. ಅದರಲ್ಲಿರುವ ಕೆಲವು ಬ್ಯಾಕ್ಟೀರಿಯಾಗಳು ಸಯನ್ಯೂರಿಕ್ ಆಸಿಡ್ಡನ್ನು ಒಡೆದು ಅಮೋನಿಯಾ ಮಾಡುತ್ತವೆ. ಅಮೋನಿಯಾ ಇರುವ ತನಕ ನೀವು ಹಾಕುವ ಕ್ಲೋರಿನ್ ಎಲ್ಲ ಅದಕ್ಕೇ ಅಂಟಿಕೊಳ್ಳುತ್ತದೆ. 1 ಪಿಪಿಎಂ ಅಮೋನಿಯಾ ಮುಗಿಸಲು ಸುಮಾರು 10 ಪಿಪಿಎಂ ಕ್ಲೋರಿನ್ ಬೇಕು. ಗಂಟೆಗೆ ಅರ್ಧ ಪಿಪಿಎಂ ಕೊಡುವ ಸೆಲ್ ಇದನ್ನು ಗೆಲ್ಲಲಾರದು. ಅದು ಕೆಟ್ಟಿರಲೇ ಇಲ್ಲ. ಮೀನಿನ ಅಕ್ವೇರಿಯಂಗೆ ಬಳಸುವ ಅಮೋನಿಯಾ ಕಿಟ್ ತಂದು ನೋಡಿದೆವು, 2 ಪಿಪಿಎಂ ಬಂತು.

ನೀರು ಪೂರ್ತಿ ಖಾಲಿ ಮಾಡೋಣ ಎಂದರು ಭಾವ. ಬೇಡವೆಂದು ತಡೆದೆ. ಇದನ್ನು ಕರಾವಳಿಯ ಪ್ರತಿಯೊಬ್ಬರಿಗೂ ಕೂಗಿ ಹೇಳಬೇಕು ಅನಿಸುತ್ತದೆ. ಮಳೆಗಾಲ ಮುಗಿದಾಗ ನಮ್ಮ ಬಾವಿಗಳಲ್ಲಿ ನೀರು ಕೈಗೆಟುಕುವಷ್ಟು ಮೇಲಿರುತ್ತದೆ. ಪೂಲ್‌ನ ಕೆಳಗಿನ ಮಣ್ಣಿನಲ್ಲೂ ಅಷ್ಟೇ ನೀರಿರುತ್ತದೆ. ಒಳಗಿನ ನೀರಿನ ಭಾರ ಹೋದರೆ ಕೆಳಗಿನ ನೀರು ಪೂಲನ್ನೇ ಮೇಲೆ ಎತ್ತಿ ಬಿರುಕು ಬಿಡಿಸಬಹುದು.

ನಾವು ಮಾಡಿದ್ದು ಹೀಗೆ. ಸೆಲ್ ಆಫ್, ಪಂಪ್ ಆನ್, ಮಕ್ಕಳು ದೂರ. ಸಂಜೆ 4 ಲೀಟರ್ ಲಿಕ್ವಿಡ್, ಅಂದರೆ 10 ಪಿಪಿಎಂ. ಹದಿನೈದು ನಿಮಿಷಕ್ಕೆ ಅಳೆದರೆ ಹೆಚ್ಚೂಕಡಿಮೆ ಏನೂ ಉಳಿದಿರಲಿಲ್ಲ. ಮತ್ತೆ 4 ಲೀಟರ್. ಅದೂ ಹೋಯಿತು. ಮೂರನೇ ಸಲ ಹಾಕಿದಾಗ 6 ನಿಂತಿತು. ಅಲ್ಲಿಗೆ ಅಮೋನಿಯಾ ಮುಗಿದಿತ್ತು. ಮಾರನೇ ದಿನ ಸ್ಟೆಬಿಲೈಸರ್ 30ಕ್ಕೆ ಸಾಕಾಗುವಷ್ಟು ನೇತುಹಾಕಿ, ಕ್ಲೋರಿನ್ 12ರಲ್ಲಿ ಹಿಡಿದಿಟ್ಟು, ಮೂರು ದಿನ ಗೋಡೆ ಉಜ್ಜಿದೆವು. ಲೈಟ್ ಬಿಚ್ಚಿ ಅದರ ಹಿಂದೆ, ಏಣಿಯ ಕಾಲಿನ ಒಳಗೆ, ಸ್ಕಿಮ್ಮರ್ (ಮೇಲೆ ತೇಲುವ ಕಸ ಎಳೆದುಕೊಳ್ಳುವ ಬಾಯಿ) ಬಾಗಿಲಿನ ಹಿಂಬದಿಯಲ್ಲಿ ಲೋಳೆ ಇತ್ತು. ಅದನ್ನು ಬಿಟ್ಟಿದ್ದರೆ ತೊಂದರೆ ಮತ್ತೆ ಅಲ್ಲಿಂದಲೇ ಬರುತ್ತಿತ್ತು. ಕ್ಲೋರಿನ್ ಇಷ್ಟು ಮೇಲಿರುವಾಗ ಪಿಎಚ್ ಅಂಕಿ ನಂಬಬೇಡಿ, ಹಾಗಾಗಿ ಶುರು ಮಾಡುವ ಮೊದಲೇ ಅದನ್ನು 7.2ರ ಹತ್ತಿರ ಇಟ್ಟುಕೊಳ್ಳಿ.

ಬರೀ ಪಾಚಿಯಾಗಿದ್ದರೂ ದಾರಿ ಇದೇ. ಸ್ಟೆಬಿಲೈಸರ್ ಅಂಕಿಯ ನೂರಕ್ಕೆ 40ರಷ್ಟು ಕ್ಲೋರಿನ್ ಹಿಡಿದಿಡಬೇಕು, ಒಂದು ಸಲ ಸುರಿದು ಬಿಡುವುದಲ್ಲ. ರಾತ್ರಿ ಇಳಿಕೆ 1ರ ಒಳಗೆ, ಕಂಬೈನ್ಡ್ 0.5ರ ಒಳಗೆ ಬಂದು, ನೀರು ತಿಳಿಯಾಗಿದ್ದರೆ ಮಾತ್ರ ನಿಲ್ಲಿಸಿ. ಫಾಸ್ಫೇಟ್ ಔಷಧಿಗೆ ದುಡ್ಡು ಹಾಕುವ ಅಗತ್ಯ ನನಗೆ ಕಂಡಿಲ್ಲ. ಕ್ಲೋರಿನ್ ಸರಿಯಾಗಿ ನಿಂತರೆ ಫಾಸ್ಫೇಟ್ ಇದ್ದರೂ ಪಾಚಿ ಬೆಳೆಯುವುದಿಲ್ಲ.

ಕ್ಲೋರಿನ್ ಹಾಕಿದ ಕೂಡಲೇ ನೀರು ಚಹಾ ಬಣ್ಣಕ್ಕೆ ತಿರುಗಿದರೆ ಗಾಬರಿ ಬೇಡ. ಚಿರೆಕಲ್ಲಿನ ನೆಲದ ಬೋರ್‌ವೆಲ್ ನೀರಲ್ಲಿ ಕಬ್ಬಿಣ ಇರುತ್ತದೆ. ಅದು ಕ್ಲೋರಿನ್ನನ್ನು ಅಷ್ಟೇನೂ ತಿನ್ನುವುದಿಲ್ಲ, ಕಲೆ ಮಾಡುತ್ತದೆ.

ಇನ್ನೊಂದು ಮಾತು, ಎಷ್ಟು ಸಲ ಹೇಳಿದರೂ ಸಾಲದು. ಬ್ಲೀಚಿಂಗ್ ಪೌಡರನ್ನು ಟಿಸಿಸಿಎ ಜೊತೆ ಬೆರೆಸಬೇಡಿ, ಒಂದೇ ಚಮಚವನ್ನು ಎರಡಕ್ಕೂ ಹಾಕಬೇಡಿ. ಬೆಂಕಿ ಹತ್ತಬಹುದು, ಸಿಡಿಯಬಹುದು. ಆಸಿಡ್ ಮತ್ತು ಲಿಕ್ವಿಡ್ ಕ್ಲೋರಿನ್ ಕ್ಯಾನ್ ಅಕ್ಕಪಕ್ಕ ಇಡಬೇಡಿ. ಅವು ಸೇರಿದರೆ ಬರುವ ಗಾಳಿ ಶ್ವಾಸಕೋಶವನ್ನು ಸುಡುತ್ತದೆ.

ಮುಂದಿನ ಮಳೆಗಾಲಕ್ಕೆ

ನಮ್ಮ ಕರಾವಳಿಯಲ್ಲಿ ವರ್ಷಕ್ಕೆ 3,000 ಮಿ.ಮೀ. ಮೀರಿ ಮಳೆ ಬರುತ್ತದೆ, ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಒಂದೂಕಾಲು ಮೀಟರ್ ಆಳದ ತೆರೆದ ಪೂಲ್ ಮೇಲೆ ಮೂರು ಮೀಟರ್ ಮಳೆ ಬಿದ್ದು ಬೆರೆಯುತ್ತಾ, ತುಂಬಿ ಹರಿಯುತ್ತಾ ಹೋದರೆ ಉಪ್ಪೂ ಸ್ಟೆಬಿಲೈಸರೂ ಹತ್ತನೇ ಒಂದು ಪಾಲಿಗೆ ಬಂದಿರುತ್ತವೆ. ಹಾಗಾಗಿ ಆ ನಾಲ್ಕು ತಿಂಗಳು ಉಪ್ಪು ಸುರಿಯುತ್ತಾ ಕೂರುವುದು ದಂಡ. ಸೆಲ್ ಬಿಚ್ಚಿ, ತೊಳೆದು, ಒಣಗಿಸಿ ಒಳಗಿಡಿ. ತಾಡಪಾಲು ಹೊದಿಸಿದರೂ ಪಂಪನ್ನು ದಿನಕ್ಕೆ ಎರಡು ಗಂಟೆ ಓಡಿಸಿ. ವಾರಕ್ಕೆರಡು ಸಲ ಅಳೆದು, ಲಿಕ್ವಿಡ್ ಕ್ಲೋರಿನ್ ಹಾಕಿ 3 ಪಿಪಿಎಂ ಕೆಳಗೆ ಇಳಿಯದ ಹಾಗೆ ನೋಡಿಕೊಳ್ಳಿ. ಹಿತ್ತಲ ಮಣ್ಣಿನ ನೀರು ಪೂಲ್‌ಗೆ ಹರಿಯದಂತೆ ಅಂಚಿನಲ್ಲಿ ಸಣ್ಣ ಕಾಲುವೆ ತೆಗೆಯಿರಿ. ಈ ಜೂನ್‌ಗೆ ಮೊದಲು ಭಾವ ಆ ಕಾಲುವೆಗೆ ಚಿರೆಕಲ್ಲು ಕಟ್ಟಿಸಿದ್ದಾರೆ, ಅಕ್ಕನ ನೋಟ್‌ಬುಕ್‌ನಲ್ಲಿ ಸ್ಟೆಬಿಲೈಸರ್‌ಗೂ ಒಂದು ಸಾಲು ಸೇರಿದೆ.